ಒಂದು ಗಂಟಲಿಗೆ ಐದು ಬೋರ್ಡು

"ನೂರಕ್ಕಿಂತ ಕಡಿಮೆ ಇದ್ರೆ ನಾವು ಮುಟ್ಟೋದೇ ಇಲ್ಲ" ಎಂದ ಸರ್ಕ್ಯೂಟ್ ಬೋರ್ಡು ಮಾಡುವವರಲ್ಲಿ ಮೊದಲನೆಯವನು. ಎರಡನೆಯವನು ಐವತ್ತಕ್ಕೆ ಇಳಿದ, ಅದೂ ದೊಡ್ಡ ಉಪಕಾರ ಮಾಡುವವನ ಹಾಗೆ. ಮೂರನೆಯವನು ಫೋನಿನಲ್ಲೇ ನಕ್ಕುಬಿಟ್ಟ. "ಒಂದೇ ಒಂದಾ ಮೇಡಂ? ಒಂದು ಬೋರ್ಡಿಗೆ ಮಷಿನ್ ಆನ್ ಮಾಡಿದ್ರೆ ನಮಗೆ ಕರೆಂಟ್ ಬಿಲ್ಲೂ ಹುಟ್ಟಲ್ಲ."

"ನಮ್ಮಪ್ಪನಿಗೆ ಇರೋದು ಒಂದೇ ಗಂಟಲು ಕಣ್ರೀ" ಎಂದೆ. "ಉಳಿದ ತೊಂಬತ್ತೊಂಬತ್ತನ್ನ ನಿಮ್ಮ ಕೊರಳಿಗೆ ಕಟ್ಟಲಾ?"

ಅವನು ಫೋನ್ ಇಟ್ಟ. ನಾನೂ ಇಟ್ಟೆ, ಮೇಜಿನ ಮೇಲಿದ್ದ ಸ್ಕ್ರೂಗಳೆಲ್ಲ ಹಾರುವ ಹಾಗೆ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬೀದಿಯವರಿಗೆಲ್ಲ ಗೊತ್ತು. ಮನೆಯ ಮುಂದಿನ ಕೋಣೆಯಲ್ಲಿ ರಿಪೇರಿ ಅಂಗಡಿ ಇಟ್ಟಿದ್ದೇನೆ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಹೊಲಿಗೆ ಮಷಿನ್ನಿನ ಮೋಟಾರು, ಕೆಟ್ಟ ಚಾರ್ಜರು ಎಲ್ಲ ನನ್ನ ಹತ್ತಿರ ಬರುತ್ತವೆ. ತಂದವರು ಮೊದಲು ಬೈಸಿಕೊಳ್ಳುತ್ತಾರೆ, ಆಮೇಲೆ ರಿಪೇರಿಯಾದ ಸಾಮಾನು ತೆಗೆದುಕೊಂಡು ಹೋಗುತ್ತಾರೆ. 'ಮೆಣಸಿನಕಾಯಿ' ಎಂದು ಬೆನ್ನ ಹಿಂದೆ ಕರೆಯುವುದೂ ಗೊತ್ತು. ಕರೆಯಲಿ. ಅದು ನನಗೆ ಅಪ್ಪನಿಂದ ಬಂದ ಆಸ್ತಿ. ಅಣ್ಣನಿಗೆ ಅಪ್ಪನ ಎತ್ತರ ಬಂತು, ನನಗೆ ಬಾಯಿ ಬಂತು.

ಅಪ್ಪನನ್ನು ಪ್ರೆಸ್ಸಿನಲ್ಲಿ 'ಗುಡುಗು' ಎನ್ನುತ್ತಿದ್ದರು. ಹದಿನೆಂಟಕ್ಕೆ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿ ಫೋರ್ಮನ್ ಆಗಿ ನಿವೃತ್ತರಾದವರು. ಸೀಸದ ಪುಟ್ಟ ಪುಟ್ಟ ಅಚ್ಚುಮೊಳೆಗಳು, ಒಂದೊಂದರ ಮುಖದ ಮೇಲೂ ಒಂದೊಂದು ಅಕ್ಷರ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಕಾಗದಕ್ಕೆ ಒತ್ತಿದಾಗ ಮಾತ್ರ ನೆಟ್ಟಗಾಗುತ್ತದೆ. ಅಪ್ಪನಿಗೆ ಒತ್ತುವುದೇ ಬೇಕಿರಲಿಲ್ಲ. ಇಡೀ ಪುಟವನ್ನು ಮೊಳೆಗಳಲ್ಲೇ ಓದಿ, ಮೂರನೇ ಸಾಲಿನಲ್ಲಿ ತಪ್ಪಿದೆ ಎಂದು ನಾಲ್ಕು ಮಷಿನ್ನುಗಳ ಸದ್ದಿನ ಮೇಲೆ ಕೂಗುತ್ತಿದ್ದರು. ಆ ಕೂಗು ರಸ್ತೆಯ ಆಚೆಯ ಸೈಕಲ್ ಅಂಗಡಿಗೂ ಕೇಳಿಸುತ್ತಿತ್ತಂತೆ. ಶಾಲೆಯಿಂದ ಬರುವಾಗ ನಾನೂ ಕೇಳಿದ್ದೇನೆ. ಯಾರಿಗೋ ಬೈಗುಳ ಬೀಳುತ್ತಿದ್ದರೆ ನನಗೆ ಹೆಮ್ಮೆ.

ಎರಡು ವರ್ಷದ ಹಿಂದೆ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಜೀವ ಉಳಿಸಲು ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಉಸಿರಾಟಕ್ಕೆ ಕುತ್ತಿಗೆಯ ಬುಡದಲ್ಲಿ ಒಂದು ತೂತು. ಮಾತಿಗೆ ಕೈಯಲ್ಲಿ ಒಂದು ಯಂತ್ರ. ಸಣ್ಣ ಟಾರ್ಚಿನಂತಿರುವ ಅದನ್ನು ಗದ್ದದ ಕೆಳಗೆ ಒತ್ತಿಕೊಂಡು ಬಟನ್ ಅದುಮಿದರೆ ಅದು ಝುಂಯ್ ಎನ್ನುತ್ತದೆ. ಆ ಝುಂಯ್‌ಗೆ ಅಪ್ಪ ಬಾಯಿ, ನಾಲಗೆ ಆಡಿಸುತ್ತಾರೆ. ಅದು ಮಾತಾಗುತ್ತದೆ.

ಮಾತೇನೋ ಆಗುತ್ತಿತ್ತು. ಆದರೆ ಆ ಯಂತ್ರಕ್ಕೆ ಗೊತ್ತಿದ್ದದ್ದು ಒಂದೇ ಸ್ವರ. "ಊಟ ಆಯ್ತಾ" ಎಂದರೂ ಅದೇ, "ನನ್ನ ಕಣ್ಣ ಮುಂದೆ ನಿಲ್ಲಬೇಡ" ಎಂದರೂ ಅದೇ. ಅಪ್ಪನ ಮುಖ ಕೆಂಪಾಗಿ, ಹಣೆಯ ನರ ಉಬ್ಬಿ, ಕೈ ನಡುಗುತ್ತಿದ್ದರೂ ಹೊರಗೆ ಬರುವುದು ಪಂಪ್‌ಸೆಟ್ಟಿನ ಸದ್ದು. ಮೊದಮೊದಲು ಎಲ್ಲರೂ ಕಿವಿಗೊಟ್ಟು ಕೇಳಿದರು. ಆಮೇಲೆ ಅಭ್ಯಾಸವಾಯಿತು. ಆಮೇಲೆ ಅಣ್ಣ ಟಿವಿಯಿಂದ ಕಣ್ಣು ತೆಗೆಯದೆ "ಸರಿ ಅಪ್ಪ" ಎನ್ನಲು ಕಲಿತ. ಅಪ್ಪ ಇನ್ನೇನೋ ಹೇಳಿದರೆ ಮತ್ತೊಂದು "ಸರಿ ಅಪ್ಪ." ಅಪ್ಪ ಕೇಳಿದ್ದು ಪ್ರಶ್ನೆಯಾಗಿದ್ದರೂ ಉತ್ತರ ಅದೇ.

"ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ನೋಡು" ಎಂದು ಒಮ್ಮೆ ಅಡುಗೆಮನೆಯಲ್ಲಿ ಅಂದ. "ಮನೆ ಎಷ್ಟು ಶಾಂತವಾಗಿದೆ ಈಗ."

ನನ್ನ ಕೈಯಲ್ಲಿ ಲೋಟ ಇತ್ತು. ಎಸೆಯಲಿಲ್ಲ. ಇವತ್ತಿಗೂ ಅದೊಂದು ಪಶ್ಚಾತ್ತಾಪ.

ಹೋದ ವರ್ಷದ ಕೊನೆಗೆ ಯಂತ್ರ ಕೈಕೊಡಲು ಶುರುವಾಯಿತು. ಮಾತಿನ ನಡುವೆ ನಿಲ್ಲುವುದು, ತಟ್ಟಿದರೆ ಮತ್ತೆ ಬರುವುದು. ಬಿಚ್ಚಿ ನೋಡಿದೆ. ಒಳಗಿನ ಹಸಿರು ಬೋರ್ಡು ಬಟನ್ನಿನ ಬುಡದಲ್ಲೇ ಬಿರುಕು ಬಿಟ್ಟು, ತಾಮ್ರದ ಗೆರೆಗಳು ಎದ್ದುಬಂದಿದ್ದವು. ಎರಡು ವರ್ಷ ಅಪ್ಪ ತಮ್ಮ ಸಿಟ್ಟನ್ನೆಲ್ಲ ಆ ಬಟನ್ ಮೇಲೆ ತೋರಿಸಿದ್ದರು. ಜೋರಾಗಿ ಒತ್ತಿದರೆ ಜೋರಾಗಿ ಕೇಳಿಸೀತು ಎಂಬ ಆಸೆ. ಕಂಪನಿಗೆ ಬರೆದೆ. ಆ ಮಾದರಿ ನಿಂತುಹೋಗಿದೆ, ಬಿಡಿಭಾಗ ಇಲ್ಲ, ಹೊಸದು ಕೊಳ್ಳಿ ಎಂದರು. ಹೊಸದರ ಬೆಲೆ ನನ್ನ ಅಂಗಡಿಯ ಒಂದು ವರ್ಷದ ದುಡಿಮೆ. ಬೆಲೆ ಓದಿ ನಾನು ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಸರಿ, ಬೋರ್ಡನ್ನು ನಾನೇ ಮಾಡುತ್ತೇನೆ ಎಂದುಕೊಂಡೆ. ಮಾಡುವುದೇ ಆದರೆ ಇದ್ದದ್ದನ್ನೇ ನಕಲು ಮಾಡುವುದೇಕೆ? ಬಟನ್ ಜಾಗದಲ್ಲಿ ಒತ್ತಡ ಅಳೆಯುವ ಬಿಲ್ಲೆ ಇಟ್ಟರೆ ಮೆಲ್ಲಗೆ ಒತ್ತಿದಾಗ ತಗ್ಗಿನ ಸ್ವರ, ಗಟ್ಟಿಯಾಗಿ ಒತ್ತಿದಾಗ ಏರುಸ್ವರ. ಮೇಜಿನ ಮೇಲೆ ತಂತಿಗಳ ಗೂಡು ಕಟ್ಟಿ, ದೊಡ್ಡ ಗಾತ್ರದ ಐಸಿ ಚಿಪ್ಪು ಹಾಕಿ ಪ್ರಯೋಗ ಮಾಡಿದೆ. ಅಪ್ಪ ಬಗ್ಗಿ, ತಂತಿಯ ತುದಿಯ ಡಬ್ಬಿಯನ್ನು ಗದ್ದಕ್ಕೆ ಒತ್ತಿ, "ಏನೇ?" ಎಂದರು. ಆ 'ಏ' ಕೆಳಗಿನಿಂದ ಮೇಲಕ್ಕೆ ಏರಿತು. ಎರಡು ವರ್ಷದಲ್ಲಿ ಮೊದಲ ಬಾರಿ ಅಪ್ಪ ನನ್ನನ್ನು ಪ್ರಶ್ನೆ ಕೇಳಿದ್ದು ಪ್ರಶ್ನೆಯ ಹಾಗೆ ಕೇಳಿಸಿತು.

ಆದರೆ ತಂತಿಗಳ ಗೂಡನ್ನು ಕೊರಳಿಗೆ ಕಟ್ಟಿಕೊಂಡು ತಿರುಗಲಾಗುವುದಿಲ್ಲ. ಅಂಗೈಯೊಳಗಿನ ಡಬ್ಬಿಯಲ್ಲಿ ಕೂರಬೇಕಾದರೆ ಹೆಬ್ಬೆರಳಗಲದ ಬೋರ್ಡು ಬೇಕು, ಎರಡು ಕಡೆಯೂ ಗೆರೆಗಳು ಬೇಕು, ಅಕ್ಕಿಕಾಳಿನಷ್ಟು ಚಿಕ್ಕ ಐಸಿ ಬೇಕು. ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆದೆ. ಅದನ್ನು ತಾಮ್ರಕ್ಕೆ ಇಳಿಸುವವರು ಯಾರು ಎಂಬಲ್ಲಿಗೆ ನಿಂತೆ. ನೂರು, ಐವತ್ತು ಎನ್ನುವ ಮಹಾನುಭಾವರಿಗೆ ಫೋನ್ ಮಾಡಿದ್ದು ಆಗಲೇ.

ಮನೆಯಲ್ಲೇ ಮಾಡಿ ನೋಡಿದೆ. ನಕ್ಷೆಯನ್ನು ನುಣುಪು ಕಾಗದದ ಮೇಲೆ ತಿರುಗುಮುರುಗಾಗಿ ಮುದ್ರಿಸಿ, ತಾಮ್ರದ ಹಾಳೆಯ ಮೇಲಿಟ್ಟು ಇಸ್ತ್ರಿ ಮಾಡಿದರೆ ಮಸಿ ತಾಮ್ರಕ್ಕೆ ಅಂಟುತ್ತದೆ. ಆಮೇಲೆ ಆಮ್ಲದ ತಟ್ಟೆಯಲ್ಲಿ ಮುಳುಗಿಸಿದರೆ ಮಸಿ ಇಲ್ಲದ ಕಡೆಯ ತಾಮ್ರ ಕರಗುತ್ತದೆ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಕ್ಷೆಯ ಕಾಗದವನ್ನು ಭೂತಗನ್ನಡಿಯಲ್ಲಿ ನೋಡಿ, "ತಿರುಗಿಸಿದ್ದೀಯ. ಸರಿಯಾಗಿದೆ" ಎಂದು ತಲೆಯಾಡಿಸಿದರು. ಅಪ್ಪನಿಗೆ ಸರಿ ಕಂಡರೂ ಆಮ್ಲಕ್ಕೆ ಸರಿ ಕಾಣಲಿಲ್ಲ. ಕೂದಲೆಳೆಯಂಥ ಗೆರೆಗಳನ್ನೆಲ್ಲ ನುಂಗಿ ನೀರು ಕುಡಿಯಿತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಕಥೆ. ಕೊನೆಗೆ ಉಳಿದದ್ದು ಅಡುಗೆಮನೆಯ ಸಿಂಕಿನಲ್ಲಿ ಕಂದು ಕಲೆ.

"ಉಜ್ಜಿ ಉಜ್ಜಿ ಕೈ ಬಿದ್ದೋಯ್ತು ಕಣೇ" ಎಂದರು ಅತ್ತಿಗೆ. "ನಿಮ್ಮ ಅಪ್ಪನ ಗಂಟಲು ಸರಿ ಮಾಡೋಕೆ ನನ್ನ ಸಿಂಕೇ ಬೇಕಿತ್ತಾ?"

ಅಪ್ಪನ ಭುಜ ಕುಣಿಯಿತು. ಸದ್ದಿಲ್ಲದ ನಗು. ನಗುವುದಕ್ಕೂ ಆ ಯಂತ್ರ ಬರುವುದಿಲ್ಲ.

ಇನ್ನೊಂದು ದಾರಿ ಇತ್ತು. ದೂರದೇಶದ ಫ್ಯಾಕ್ಟರಿಗಳು, ಇಂಟರ್ನೆಟ್ಟಿನಲ್ಲಿ ನಕ್ಷೆಯ ಫೈಲ್ ಕಳಿಸಿದರೆ ಸಾಕು. ಎಲ್ಲೆಲ್ಲಿಯ ಸಣ್ಣ ಸಣ್ಣ ಬೋರ್ಡುಗಳನ್ನೆಲ್ಲ ಒಂದೇ ದೊಡ್ಡ ಹಾಳೆಯಲ್ಲಿ ಜೋಡಿಸಿ ಒಟ್ಟಿಗೆ ಮಾಡುವುದರಿಂದ ಅಗ್ಗ. ಕನಿಷ್ಠ ಐದು. ಐದರ ಬೆಲೆ ಕೇಳಿದರೆ ನಂಬುವುದಿಲ್ಲ, ಎರಡು ಚಹಾದ ದುಡ್ಡು. ಕಳಿಸುವ ಖರ್ಚಿನಲ್ಲಿತ್ತು ಗಾಯದ ಮೇಲಿನ ಉಪ್ಪು. ವಾರದೊಳಗೆ ಬರಬೇಕೆಂದರೆ ಬೋರ್ಡಿನ ಹತ್ತು ಪಟ್ಟು. ಅಂಚೆಯಲ್ಲಾದರೆ ಅಗ್ಗ, ಆದರೆ ನಾಲ್ಕರಿಂದ ಏಳು ವಾರ, ನಡುವೆ ಸುಂಕದವರು ಹಿಡಿದಿಟ್ಟರೆ ಅವರಿಷ್ಟ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ನಮ್ಮ ಆರ್ಡರ್ ನಂಬರನ್ನು ನಿಮ್ಮ ಬೋರ್ಡಿನ ಮೇಲೆ ಮುದ್ರಿಸುತ್ತೇವೆ, ಬೇಡವೆಂದರೆ ಹೆಚ್ಚಿನ ಶುಲ್ಕ. ನನ್ನ ಬೋರ್ಡಿನ ಮೇಲೆ ನಿಮ್ಮ ನಂಬರ್ ಬೇಡ ಎನ್ನುವುದಕ್ಕೆ ನಾನೇ ದುಡ್ಡು ಕೊಡಬೇಕೇ? ಅದಕ್ಕೂ ಉರಿದುಕೊಂಡೆ.

ಅಷ್ಟು ಹೊತ್ತಿಗೆ ಅಪ್ಪನ ಯಂತ್ರ ಪ್ರತಿ ಮೂರು ಮಾತಿಗೆ ಒಂದನ್ನು ತಿನ್ನುತ್ತಿತ್ತು. ಏಳು ವಾರ ಅದು ಬದುಕುವ ಭರವಸೆ ಇರಲಿಲ್ಲ.

"ಯಾಕೆ ಅಷ್ಟು ದೂರ? ನಮ್ಮ ಪರಿಚಯದವರೇ ಇದ್ದಾರಲ್ಲ" ಎಂದ ಅಣ್ಣ. ಅವನು ಬ್ಯಾಂಕಿನ ಕೌಂಟರಿನಲ್ಲಿ ಕೂರುವವನು, ಊರಿಗೆಲ್ಲ ಪರಿಚಯದವನು. ಕರೆದುಕೊಂಡು ಹೋದ.

ಆ ಏಜೆಂಟನಿಗೆ ನಾನು ಇಟ್ಟ ಹೆಸರು ಬೆಣ್ಣೆ. ಮಾತು ಹಾಗೆ ಜಾರುತ್ತಿತ್ತು. ಎರಡನೇ ಮಹಡಿಯಲ್ಲಿ ಆಫೀಸು, ಗಾಜಿನ ಮೇಜು, ಗೋಡೆಯ ಮೇಲೆ ಬೋರ್ಡುಗಳಿಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದ. "ಎಲ್ಲಾ ನಮ್ಮಲ್ಲೇ ಆಗೋದು ಮೇಡಂ" ಎಂದು ಹಿಂದಿನ ಮುಚ್ಚಿದ ಬಾಗಿಲನ್ನು ತೋರಿಸಿದ. ಬಾಗಿಲ ಹಿಂದೆ ಏನೋ ಗುಂಯ್‌ಗುಡುತ್ತಿತ್ತು. "ಮಷಿನ್ ನಡೀತಾ ಇದೆ, ಕೇಳಿಸ್ತಲ್ಲ? ನಿಮ್ಮಪ್ಪ ಅಂದ್ರೆ ನಮ್ಮಪ್ಪ ಇದ್ದ ಹಾಗೆ. ಐದೇ ಮಾಡಿಕೊಡ್ತೀನಿ. ಹತ್ತು ದಿನ."

ಅವನು ಹೇಳಿದ ಬೆಲೆ ದೂರದೇಶದ್ದಕ್ಕಿಂತ ಎಷ್ಟೋ ಹೆಚ್ಚು. ಆದರೆ ಹತ್ತು ದಿನ. ಒಪ್ಪಿಕೊಂಡೆ. ಅವತ್ತೇ ಸಂಜೆ ಫೈಲ್ ಕಳಿಸುತ್ತೇನೆ ಎಂದು ಬಂದೆ.

ಆ ಸಂಜೆಯದ್ದನ್ನು ನಾನು ಸರಿಯಾಗಿ ಹೇಳಬೇಕು.

ಕಳಿಸುವ ಮುಂಚೆ ನಕ್ಷೆಯನ್ನು ನಿಜ ಗಾತ್ರದಲ್ಲಿ ಕಾಗದದ ಮೇಲೆ ಮುದ್ರಿಸಿ, ಬಿಡಿಭಾಗಗಳನ್ನು ಒಂದೊಂದಾಗಿ ಅದರ ಮೇಲಿಟ್ಟು ಸರಿ ಕೂರುತ್ತವೆಯೇ ನೋಡುತ್ತಿದ್ದೆ. ಎಲ್ಲ ಕೂತವು. ಅಪ್ಪ ಭೂತಗನ್ನಡಿ ಹಿಡಿದು ಬಂದರು. ಚಿಕ್ಕ ಐಸಿಯ ಜೊತೆಗೆ ಬಂದಿದ್ದ ವಿವರದ ಹಾಳೆಯನ್ನು ಎತ್ತಿಕೊಂಡರು. ಅದರಲ್ಲಿ ಐಸಿಯ ಎಂಟು ಕಾಲುಗಳ ಚಿತ್ರ ಇತ್ತು, ಒಂದರಿಂದ ಎಂಟರವರೆಗೆ ಅಂಕಿಗಳ ಸಮೇತ. ಹಾಳೆಯನ್ನು ನೋಡಿದರು, ಐಸಿಯನ್ನು ನೋಡಿದರು, ನನ್ನ ನಕ್ಷೆಯನ್ನು ನೋಡಿದರು. ಯಂತ್ರವನ್ನು ಗದ್ದಕ್ಕೆ ಒತ್ತಿದರು.

"ಇದು ಮೊಳೆಯ ಮುಖ. ಅಚ್ಚಲ್ಲ" ಎಂದರು.

ಮತ್ತೆ ಪ್ರೆಸ್ಸಿನ ಪುರಾಣ ಶುರುವಾಯಿತು ಎಂದುಕೊಂಡೆ. ಹೊತ್ತಾಗುತ್ತಿತ್ತು, ಬೆಣ್ಣೆ ಎರಡು ಸಲ ಫೋನ್ ಮಾಡಿದ್ದ.

"ಮೊಳೆಯ ಮುಖ... ಅಚ್ಚಲ್ಲ" ಎಂದರು ಮತ್ತೆ. ನಡುವೆ ಒಂದು ಮಾತನ್ನು ಯಂತ್ರ ತಿಂದಿತ್ತು. ಮೂರನೆಯ ಸಲವೂ ಅದನ್ನೇ ಹೇಳಿದರು. ಅದೇ ಝುಂಯ್, ಅದೇ ಸ್ವರ, ಚಹಾ ಬೇಕು ಎಂದರೆ ಹೇಗೋ ಹಾಗೆ.

"ಸರಿ ಅಪ್ಪ, ಸರಿ" ಎಂದೆ.

ಅಪ್ಪ ಯಂತ್ರವನ್ನು ಜೇಬಿಗಿಟ್ಟು ಒಳಗೆ ಹೋದರು. ನಾನು ಫೈಲ್ ಕಳಿಸಿದೆ.

ಹತ್ತು ದಿನವಾಯಿತು. ಹನ್ನೆರಡಕ್ಕೆ ಫೋನ್ ಮಾಡಿದರೆ ಬೆಣ್ಣೆ, "ಫಿನಿಶಿಂಗ್ ನಡೀತಿದೆ ಮೇಡಂ" ಎಂದ. ಇಪ್ಪತ್ತಕ್ಕೆ ಮಷಿನ್ ಸರ್ವೀಸಿಗೆ ಹೋಗಿತ್ತು. ಇಪ್ಪತ್ತೆಂಟಕ್ಕೆ ಫೋನ್ ಎತ್ತಲಿಲ್ಲ. ಇಪ್ಪತ್ತೊಂಬತ್ತನೆಯ ದಿನ ಬೆಳಿಗ್ಗೆ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು "ಹಾಲು" ಎಂದರು, ಅಲ್ಲಿಗೆ ಯಂತ್ರದ ಕಥೆ ಮುಗಿಯಿತು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ಅತ್ತಿಗೆ ಓಡಿಬಂದು, "ಇಲ್ಲೇ ನಿಂತಿದ್ದೀರಲ್ಲ ಮಾವ, ಒಂದು ಮಾತು ಹೇಳಬಾರದಾ?" ಎಂದುಬಿಟ್ಟರು. ಅಂದ ಮೇಲೆ ನಾಲಗೆ ಕಚ್ಚಿಕೊಂಡರು. ಅಪ್ಪ ಸತ್ತ ಯಂತ್ರವನ್ನು ಗದ್ದಕ್ಕೆ ಒತ್ತಿಕೊಂಡೇ ನಿಂತಿದ್ದರು.

ಆಮೇಲೆ ಸ್ಲೇಟು. ಮೊದಲ ವಾರ ಅಪ್ಪ ಸ್ಲೇಟಿನ ಮೇಲೂ ಜಗಳವಾಡಿದರು. ಉಪ್ಪು ಹೆಚ್ಚಾಗಿದೆ, ಫ್ಯಾನ್ ಆರಿಸಿ, ಪತ್ರಿಕೆಯಲ್ಲಿ ಕಾಗುಣಿತ ತಪ್ಪು ಎಂದು ಬರೆದು ಎತ್ತಿ ತೋರಿಸುತ್ತಿದ್ದರು. ಆದರೆ ಬರೆದು ಮುಗಿಸುವಷ್ಟರಲ್ಲಿ ಮಾತು ಬೇರೆ ಕಡೆಗೆ ಹೊರಳಿರುತ್ತಿತ್ತು. ಎತ್ತಿ ಹಿಡಿದ ಸ್ಲೇಟನ್ನು ಯಾರೂ ನೋಡದೆ, ಅವರೇ ಅಂಗಿಯ ತುದಿಯಿಂದ ಒರೆಸಿಬಿಡುವುದನ್ನು ನಾನು ಕಂಡೆ. ಎರಡನೇ ವಾರದಲ್ಲಿ ಬರೆಯುವುದು ಕಡಿಮೆಯಾಯಿತು. ಊಟಕ್ಕೆ ಉಪ್ಪೇ ಇಲ್ಲದ ದಿನವೂ ಸುಮ್ಮನೆ ತಿಂದು ಎದ್ದರು.

ನನಗೆ ಹೆದರಿಕೆಯಾದದ್ದು ಆಗ. ಆಪರೇಷನ್ನಿನ ದಿನವೂ ಅಷ್ಟು ಹೆದರಿರಲಿಲ್ಲ. ಜಗಳ ಬಿಟ್ಟ ಅಪ್ಪ ನನಗೆ ಗೊತ್ತಿದ್ದ ಅಪ್ಪನೇ ಅಲ್ಲ. ಈ ಮನುಷ್ಯ ಮಾತು ಕಳೆದುಕೊಂಡಿಲ್ಲ, ಬಿಟ್ಟುಕೊಡುತ್ತಿದ್ದಾನೆ ಎನಿಸಿತು. ಆ ಬೋರ್ಡು ಬರಲೇಬೇಕಿತ್ತು.

ನಲವತ್ತೊಂದನೆಯ ದಿನ ಬಂತು. ಐದು ಪುಟ್ಟ ಹಸಿರು ಬೋರ್ಡುಗಳು, ನೋಡಲು ಮುದ್ದಾಗಿದ್ದವು. ತಿರುಗಿಸಿ ನೋಡಿದೆ. ಹಿಂಭಾಗದ ಮೂಲೆಯಲ್ಲಿ ಬಿಳಿ ಬಣ್ಣದಲ್ಲಿ ಸಾಸಿವೆಯಷ್ಟು ಚಿಕ್ಕ ಅಂಕಿಗಳು. ನನ್ನ ನಕ್ಷೆಯಲ್ಲಿ ಅವು ಇರಲಿಲ್ಲ. ದೂರದೇಶದ ಫ್ಯಾಕ್ಟರಿಯ ಆರ್ಡರ್ ನಂಬರ್, ನಾನು ಅವರ ಪುಟದಲ್ಲಿ ಕಂಡಿದ್ದ ಮಾದರಿಯಲ್ಲೇ. ಬೆಣ್ಣೆ ನನ್ನ ಫೈಲನ್ನು ನಾನು ಬೇಡವೆಂದು ಬಿಟ್ಟ ಫ್ಯಾಕ್ಟರಿಗೇ ಕಳಿಸಿ, ಅಗ್ಗದ ಅಂಚೆಯಲ್ಲಿ ತರಿಸಿ, ನನ್ನಿಂದ ಹಲವು ಪಟ್ಟು ಕಿತ್ತಿದ್ದ. ನಂಬರ್ ತೆಗೆಸುವ ಶುಲ್ಕವನ್ನೂ ಉಳಿಸಿಕೊಂಡಿದ್ದ ಜಿಪುಣ! ಮೋಸ ಮಾಡುವುದನ್ನಾದರೂ ನೆಟ್ಟಗೆ ಮಾಡಬಾರದೇ?

ನೆತ್ತಿಗೇರಿದ ಸಿಟ್ಟನ್ನು ಹಿಡಿದು ಮೊದಲು ಬೆಸುಗೆ ಹಾಕಲು ಕೂತೆ, ಅಪ್ಪನ ಮಾತು ಮೊದಲು ಎಂದು. ಎಲ್ಲ ಕೂರಿಸಿ ಬ್ಯಾಟರಿ ಕೊಟ್ಟೆ. ಸದ್ದೇ ಇಲ್ಲ. ಚಿಕ್ಕ ಐಸಿಯ ಮೇಲೆ ಬೆರಳಿಟ್ಟೆ, ಬೆರಳು ಸುಟ್ಟಿತು. ಒಂದು ಕ್ಷಣದಲ್ಲಿ ಕಮಟು ಹೊಗೆ.

ಬಾಗಿಲಲ್ಲಿ ಅಪ್ಪ ನಿಂತಿದ್ದರು. ಹೊಗೆಯನ್ನು ನೋಡಿ ಏನೂ ಬರೆಯದೆ ಹೋದರು.

ಎರಡನೇ ಮಹಡಿಯ ಮೆಟ್ಟಿಲುಗಳನ್ನು ನಾನು ಹೇಗೆ ಹತ್ತಿದೆನೋ ನೆನಪಿಲ್ಲ. ಬೆಣ್ಣೆಯ ಮುಂದೆ ಇಬ್ಬರು ಗಿರಾಕಿಗಳು ಕೂತಿದ್ದರು. ಬೋರ್ಡನ್ನು ಗಾಜಿನ ಮೇಜಿನ ಮೇಲೆ ಕುಕ್ಕಿದೆ.

"ಇದು ನಿಮ್ಮ ಮಷಿನ್ನಿನದಾ?"

"ಮೇಡಂ, ಕೂತ್ಕೊಳ್ಳಿ, ಚಹಾ..."

"ಚಹಾ ನಿಮ್ಮ ತಲೆ ಮೇಲೆ ಸುರ್ಕೊಳ್ಳಿ! ಈ ನಂಬರ್ ಯಾರದು?" ಉತ್ತರಕ್ಕೆ ಕಾಯದೆ ಹಿಂದಿನ ಬಾಗಿಲನ್ನು ತಳ್ಳಿದೆ. ಒಳಗೆ ರಟ್ಟಿನ ಪೆಟ್ಟಿಗೆಗಳು, ಮುರಿದ ಕುರ್ಚಿ, ಒಂದು ಹಳೆಯ ಫ್ರಿಜ್ಜು. ಗುಂಯ್ ಎನ್ನುತ್ತಿದ್ದದ್ದು ಫ್ರಿಜ್ಜು. "ಇದೇನಾ ನಿಮ್ಮ ಫ್ಯಾಕ್ಟರಿ? ಬೋರ್ಡು ಮೇಲಿನ ಖಾನೆಯಲ್ಲಿ ಮಾಡ್ತೀರಾ, ಕೆಳಗಿನದ್ರಲ್ಲಾ?"

ಗಿರಾಕಿಗಳಲ್ಲಿ ಒಬ್ಬ ಮೆಲ್ಲಗೆ ಎದ್ದ.

"ಮೋಸ ಮಾಡಿದ್ದಲ್ದೆ ಬೋರ್ಡನ್ನೂ ಹಾಳು ಮಾಡಿದ್ದೀರಿ! ಐಸಿ ಸುಟ್ಟುಹೋಯ್ತು! ನಲವತ್ತೊಂದು ದಿನ ಕಾಯಿಸಿ ಒಬ್ಬ ಮನುಷ್ಯನ ಬಾಯಿಗೆ ಬೀಗ ಹಾಕಿ ಕೂರಿಸಿದ್ರಲ್ಲ, ಅನ್ನ ತಿನ್ನೋರು ತಾನೇ ನೀವು?"

ಬೆಣ್ಣೆ ಡ್ರಾಯರಿನಿಂದ ನನ್ನದೇ ನಕ್ಷೆಯ ಪಾರದರ್ಶಕ ಹಾಳೆ ತೆಗೆದು, ಬೋರ್ಡಿನ ಮೇಲಿಟ್ಟು, ಟ್ಯೂಬ್‌ಲೈಟಿನ ಬೆಳಕಿಗೆ ಎತ್ತಿ ಹಿಡಿದ. ಗೆರೆಗೆ ಗೆರೆ, ತೂತಿಗೆ ತೂತು ಕೂತಿತ್ತು.

"ಮೋಸ ಅನ್ನಿ, ಏನಾದ್ರೂ ಅನ್ನಿ ಮೇಡಂ" ಎಂದ, ಮೊದಲ ಸಲ ಬೆಣ್ಣೆಯಿಲ್ಲದ ದನಿಯಲ್ಲಿ. "ಆದರೆ ನೀವು ಕೊಟ್ಟಿದ್ದು ಹೇಗಿತ್ತೋ ಹಾಗೇ ಬಂದಿದೆ. ಐಸಿ ಸುಟ್ಟಿದ್ದು ನನ್ನ ತಪ್ಪಲ್ಲ."

ಸುಳ್ಳನ ಬಾಯಿಂದ ನಿಜ ಕೇಳುವುದಕ್ಕಿಂತ ಕಷ್ಟ ಬೇರೊಂದಿಲ್ಲ. ಕೊಟ್ಟ ಹಣದಲ್ಲಿ ಅರ್ಧ ವಾಪಸು ಇಡಿಸಿಕೊಂಡೇ ಬಂದೆ.

ಮನೆಗೆ ಬಂದಾಗ ಅಪ್ಪ ನನ್ನ ಮೇಜಿನ ಮುಂದೆ ಕೂತಿದ್ದರು. ಪ್ರೆಸ್ಸಿನ ಕಾಲದ ಚಿಮಟವನ್ನು ಹೊರಗೆ ತೆಗೆದಿದ್ದರು, ಮೊಳೆಗಳನ್ನು ಎತ್ತುತ್ತಿದ್ದದ್ದು. ಉಳಿದಿದ್ದ ಒಂದೇ ಒಂದು ಐಸಿಯನ್ನು ಅದರಲ್ಲಿ ಹಿಡಿದು ಹೊಸ ಬೋರ್ಡಿನ ಮೇಲಿಟ್ಟರು. ನನ್ನನ್ನು ನೋಡಿದರು. ಆಮೇಲೆ ಅದನ್ನು ಅಂಗಾತ ತಿರುಗಿಸಿ, ಕಾಲು ಮೇಲಾಗಿ ಇಟ್ಟರು. ಚಿಮಟದ ತುದಿಯಿಂದ ಒಂದೊಂದು ಕಾಲನ್ನೂ ಮುಟ್ಟಿ, ಬೋರ್ಡಿನ ಮೇಲಿನ ಒಂದೊಂದು ಅಂಕಿಯನ್ನು ಮುಟ್ಟಿದರು. ಒಂದಕ್ಕೆ ಒಂದು. ಎರಡಕ್ಕೆ ಎರಡು. ಎಂಟರವರೆಗೂ ಕೂಡಿಬಂತು.

ವಿವರದ ಹಾಳೆಯನ್ನು ಕಿತ್ತುಕೊಂಡು ನೋಡಿದೆ. ಚಿತ್ರದ ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ ಬರೆದಿತ್ತು, ಕೆಳಗಿನಿಂದ ನೋಡಿದಂತೆ ಎಂದು. ಐಸಿಯನ್ನು ಅಂಗಾತ ಮಲಗಿಸಿ ಬರೆದ ಚಿತ್ರ ಅದು. ನಾನು ಮೇಲಿನಿಂದ ನೋಡಿದ್ದೆಂದು ತಿಳಿದು ಇದ್ದ ಹಾಗೇ ನಕ್ಷೆಗೆ ಇಳಿಸಿದ್ದೆ. ಎಡದ ಕಾಲೆಲ್ಲ ಬಲಕ್ಕೆ, ಬಲದ್ದೆಲ್ಲ ಎಡಕ್ಕೆ. ಎಂಟು ಕಾಲು ಎರಡೂ ಕಡೆ ಒಂದೇ ಸಮ, ಕಾಗದದ ಮೇಲೆ ಇಟ್ಟರೆ ಹೇಗಾದರೂ ಕೂರುತ್ತದೆ. ತಿರುಗಿದೆ ಎಂದು ಕಾಣುವುದು ತಿರುಗಿದ್ದನ್ನೇ ಜೀವಮಾನವೆಲ್ಲ ಓದಿದವರಿಗೆ ಮಾತ್ರ.

ಅಪ್ಪ ಸ್ಲೇಟು ಎತ್ತಿಕೊಂಡು ಬರೆದರು: ಅವತ್ತೇ ಹೇಳಿದ್ದೆ.

"ಯಾವತ್ತು?" ಎಂದು ರೇಗಿದೆ. ರೇಗುತ್ತಿದ್ದ ಹಾಗೆಯೇ ನೆನಪಾಯಿತು. ಇದು ಮೊಳೆಯ ಮುಖ, ಅಚ್ಚಲ್ಲ. ಮೂರು ಸಲ.

ಅಣ್ಣನ ಮೇಲೆ ಎರಡು ವರ್ಷ ಉರಿದುಕೊಂಡಿದ್ದೆ. ಟಿವಿ ನೋಡುತ್ತ "ಸರಿ ಅಪ್ಪ" ಎನ್ನುವ ಅವನ ಬಾಯಿಗೆ ಬಡಿಯಬೇಕು ಎನಿಸುತ್ತಿತ್ತು. ಅಪ್ಪನ ಮಾತು ನನ್ನ ಹೊರತು ಯಾರಿಗೂ ಕೇಳಿಸುವುದಿಲ್ಲ ಎಂದು ಬೀಗುತ್ತಿದ್ದೆ. ಅಪ್ಪನ ಕೋಪವನ್ನು ಅಪ್ಪನಿಗೆ ವಾಪಸು ಕೊಡಿಸುವ ಯಂತ್ರಕ್ಕೇ ನಕ್ಷೆ ಬರೆಯುತ್ತ ಕೂತು, ಪಕ್ಕದಲ್ಲಿ ಅಪ್ಪ ಕೋಪದಿಂದ ಕೂಗುತ್ತಿದ್ದುದು ನನಗೆ ಕೇಳಿಸಿರಲಿಲ್ಲ. ಅವತ್ತು ಅವರ ಹಣೆಯ ನರ ಉಬ್ಬಿತ್ತೇ? ಕೈ ನಡುಗುತ್ತಿತ್ತೇ? ನಾನು ತಲೆ ಎತ್ತಿಯೇ ನೋಡಿರಲಿಲ್ಲ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಎಸೆಯಲು ಏನೂ ಸಿಗಲಿಲ್ಲ.

"ತಪ್ಪಾಯ್ತು ಅಪ್ಪ" ಎಂದೆ.

ಅಪ್ಪ ಸ್ಲೇಟು ಒರೆಸಿದರು. ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದು, ಕೂತು ಮಾಡು ಎಂದು ಕೈ ತೋರಿಸಿದರು.

ಐಸಿಯನ್ನು ಅಂಗಾತ ಅಂಟಿಸಿ, ಸತ್ತ ಜಿರಳೆಯ ಹಾಗೆ ಮೇಲೆ ಚಾಚಿದ ಎಂಟು ಕಾಲುಗಳಿಂದ ಎಂಟು ಕೂದಲೆಳೆಯ ತಂತಿಗಳನ್ನು ಬೋರ್ಡಿಗೆ ಇಳಿಸಬೇಕಿತ್ತು. ನೋಡಲು ಅಸಹ್ಯ, ಆದರೆ ಕೆಲಸ ಮಾಡಬಲ್ಲದು. ನಾನು ಬೆಸುಗೆ ಹಾಕಿದೆ, ಅಪ್ಪ ಚಿಮಟದಲ್ಲಿ ತಂತಿ ಹಿಡಿದರು. ಅವರ ಕೈ ಒಮ್ಮೆಯೂ ಅಲುಗಲಿಲ್ಲ. ನಾಲ್ಕನೆಯ ತಂತಿಯನ್ನು ನಾನು ಐದಕ್ಕೆ ಒಯ್ಯುವಾಗ ಚಿಮಟದಿಂದ ಬೆರಳಿಗೆ ಒಂದು ಪೆಟ್ಟು ಬಿತ್ತು. ತಲೆ ಎತ್ತಿ ಅವರ ಮುಖ ನೋಡಿ, ನಾಲ್ಕಕ್ಕೇ ಹಾಕಿದೆ.

ರಾತ್ರಿಯ ಊಟದ ಹೊತ್ತಿಗೆ ಮುಗಿಯಿತು. ಬ್ಯಾಟರಿ ಕೊಟ್ಟು ಬೆರಳಿಟ್ಟು ನೋಡಿದೆ. ತಣ್ಣಗಿತ್ತು. ಹಳೆಯ ಡಬ್ಬಿಯೊಳಗೆ ಕೂರಿಸಿ ಮುಚ್ಚಳ ತಿರುಗಿಸಿ ಅಪ್ಪನ ಕೈಗೆ ಕೊಟ್ಟೆ. ಅವರು ಅದನ್ನು ಗದ್ದದ ಕೆಳಗೆ ಒತ್ತಿಕೊಂಡರು. ಕಣ್ಣು ನನ್ನ ಮೇಲೇ ಇತ್ತು.

"ಅವತ್ತು" ಎಂದರು, ತಗ್ಗಿನ ಸ್ವರದಲ್ಲಿ. ಹೆಬ್ಬೆರಳು ಬಿಗಿಯಾಯಿತು. "ಅವತ್ತು ನಾನು ಎಷ್ಟು ಸಲ ಹೇಳ್ದೆ?" ಸ್ವರ ಮೆಟ್ಟಿಲು ಹತ್ತಿತು. "ಮೂರು ಸಲ ಹೇಳ್ದೆ! ಮೂರು ಸಲ! ಕಣ್ಣು ಎಲ್ಲಿಟ್ಟಿದ್ದೆ? ಸಣ್ಣ ಅಕ್ಷರ ಓದಬೇಕು ಅಂತ ಚಿಕ್ಕವಳಿದ್ದಾಗಿಂದ ಬಡ್ಕೊಂಡಿಲ್ವಾ ನಾನು? ಒಂದು ಐಸಿ ಸುಟ್ಟೆ, ಅಲ್ಲಿ ಹೋಗಿ ಕಂಡೋನ ಮೇಲೆ ಕೂಗಾಡ್ದೆ, ನನ್ನ ಮಾತು ಮಾತ್ರ ಕಸ! ಹೌದಾ?"

ಅದು ಗುಡುಗಾಗಿರಲಿಲ್ಲ. ಯಂತ್ರದ ದನಿಯೇ, ಒರಟು, ತಗಡಿನಂಥದ್ದು. ಆದರೆ ಏರಿತು, ಇಳಿಯಿತು, ಕೊನೆಯ ಮಾತಿಗೆ ಬಂದು ಚುಚ್ಚಿತು. ಬೈಯುತ್ತಿದ್ದದ್ದು ಅಪ್ಪನೇ. ನನ್ನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ, ಬೈಗುಳದ ಒಂದು ಮಾತೂ ತಪ್ಪಿಹೋಗಬಾರದು ಎಂದು.

ಅಣ್ಣ ತಟ್ಟೆ ಹಿಡಿದುಕೊಂಡೇ ಓಡಿಬಂದ. ಹಿಂದೆ ಅತ್ತಿಗೆ. ಒಂದು ಕ್ಷಣ ಯಾರು ಕೂಗುತ್ತಿರುವುದೆಂದೇ ಅವನಿಗೆ ತಿಳಿಯಲಿಲ್ಲ. ತಿಳಿದಾಗ ಎರಡು ವರ್ಷದ ಅಭ್ಯಾಸ ಬಾಯಿಗೆ ಬಂತು.

"ಸರಿ ಅಪ್ಪ..."

"ಏನೋ ಸರಿ?" ಅಪ್ಪ ಅವನ ಕಡೆ ತಿರುಗಿದರು. "ಯಾವುದು ಸರಿ? ನಾನು ಏನಂದೆ ಅಂತ ಹೇಳು ನೋಡೋಣ!"

ಅಣ್ಣನ ಬಾಯಿ ತೆರೆದು ಹಾಗೇ ನಿಂತಿತು. ಕೈಯ ತಟ್ಟೆ ವಾಲಿ ಒಂದು ತುತ್ತು ನೆಲಕ್ಕೆ ಬಿತ್ತು. ಇವತ್ತಿನದು ಮಾತ್ರವಲ್ಲ, ಎರಡು ವರ್ಷದಲ್ಲಿ ಅಪ್ಪ ಆಡಿದ ಒಂದು ಮಾತೂ ಅವನ ಹತ್ತಿರ ಇರಲಿಲ್ಲ. ಅದು ಅವನಿಗೂ ಆಗಲೇ ಗೊತ್ತಾಯಿತು. ತಲೆ ತಗ್ಗಿಸಿದ.

ಅಪ್ಪ ನನ್ನ ಕಡೆ ನೋಡಿದರು. ಹೆಬ್ಬೆರಳು ಸಡಿಲವಾಯಿತು.

"ನೀನು ಹೇಳು. ಅವತ್ತು ಏನಂದೆ?"

"ಇದು ಮೊಳೆಯ ಮುಖ, ಅಚ್ಚಲ್ಲ ಅಂದ್ರಿ" ಎಂದೆ.

"ಹಾಂ" ಎಂದರು ಅಪ್ಪ. "ನಕ್ಷೆ ಸರಿಮಾಡು. ನಾನು ಪ್ರೂಫ್ ನೋಡ್ತೀನಿ. ಈ ಸಲ ನೀನೇ ನೇರವಾಗಿ ತರಿಸು, ಅಂಚೆಯಲ್ಲೇ ಬರಲಿ."

"ಏಳು ವಾರ ಆಗುತ್ತೆ ಅಪ್ಪ."

"ಆಗಲಿ" ಎಂದು ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಲ್ಲಿವರೆಗೆ ಬೈಯೋದು ಬೇಕಾದಷ್ಟಿದೆ."